ಓದುಗರ ಪ್ರಶ್ನೆಗಳಿಗೆ ಉತ್ತರ: ಉಬ್ಬರವಿಳಿತದ ನದಿಯಲ್ಲಿ ಹಾಯಿದೋಣಿಯ ಒಂದು ದಿನ

ಕಾಫಿ ಕೊಯ್ಲು ಮುಗಿಯುತ್ತ ಬಂದಂತೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಕರಾವಳಿಯ ನದಿಗಳಲ್ಲಿ ದೋಣಿ ನಡೆಸುವ ಬಗ್ಗೆ ಪತ್ರಗಳು ಬಂದಿವೆ. ಅವುಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಮತ್ತು ನನ್ನ ತಮ್ಮ ಅಣೆಕಟ್ಟಿನ ಹಿನ್ನೀರಿನಲ್ಲಿ ಹದಿನಾಲ್ಕು ಅಡಿ ಉದ್ದದ ಹಾಯಿದೋಣಿ ನಡೆಸಲು ಕಲಿತಿದ್ದೇವೆ. ಶಿವರಾತ್ರಿಗೂ ಯುಗಾದಿಗೂ ನಡುವೆ ಒಂದು ದಿನ ಘಟ್ಟ ಇಳಿದು, ಸಮುದ್ರ ಸೇರುವ ನದಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ದೋಣಿ ನಡೆಸುವ ಆಸೆಯಿದೆ. ದಿನವನ್ನು ಹೇಗೆ ಆರಿಸಿಕೊಳ್ಳಬೇಕು?
— ಕಾಫಿ ಬೆಳೆಗಾರರೊಬ್ಬರು, ಮೂಡಿಗೆರೆ

ಉತ್ತರ: ನೀವು ಆರಿಸಿಕೊಂಡಿರುವ ಕಾಲ ಸರಿಯಾಗಿದೆ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಪಶ್ಚಿಮಕ್ಕೆ ಹರಿಯುವ ನಮ್ಮ ನದಿಗಳಿಗೆ ಮೇಲಿನಿಂದ ಬರುವ ನೀರು ಕಡಿಮೆಯಾಗಿರುತ್ತದೆ, ಕಡಲು ಶಾಂತವಾಗಿರುತ್ತದೆ, ಮಧ್ಯಾಹ್ನದ ಕಡಲ ಗಾಳಿ ಹೆಚ್ಚುಕಡಿಮೆ ದಿನವೂ ಬರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಇದೇ ನದಿಗಳು ಅಳಿವೆಯವರೆಗೂ, ಅಂದರೆ ಕಡಲು ಸೇರುವ ಬಾಯಿಯವರೆಗೂ, ಕೆಂಪು ನೀರು ತುಂಬಿ ಹರಿಯುವುದರಿಂದ ಸಣ್ಣ ದೋಣಿ ಅಲ್ಲಿಗೆ ಹೋಗಲೇಬಾರದು. ಆದರೆ ಹಿನ್ನೀರಿನಲ್ಲಿ ಕಲಿತವರು ಒಂದು ಅಭ್ಯಾಸವನ್ನು ಬಿಡಬೇಕಾಗುತ್ತದೆ. ಅಲ್ಲಿ ಗಾಳಿಯೊಂದಿದ್ದರೆ ಸಾಕು, ಯಾವ ಹೊತ್ತಿಗೆ ಬೇಕಾದರೂ ಹೊರಡಬಹುದು. ಕಡಲಿಗೆ ಹತ್ತಿರದ ನದಿಯಲ್ಲಿ ಹೊರಡುವ ಹೊತ್ತನ್ನೂ ಮರಳುವ ಹೊತ್ತನ್ನೂ ನೀರೇ ಗೊತ್ತುಮಾಡುತ್ತದೆ. ಬಿಡುವಿನ ಭಾನುವಾರವನ್ನು ಮೊದಲು ಹಿಡಿದುಕೊಂಡು ಉಬ್ಬರವಿಳಿತದ ಪಟ್ಟಿಯನ್ನು ಆಮೇಲೆ ನೋಡಬೇಡಿ. ಪಟ್ಟಿಯನ್ನು ಮೊದಲು ನೋಡಿ, ದಿನವನ್ನು ಆಮೇಲೆ ನಿಶ್ಚಯಿಸಿ.

ಇದು ಏಕೆ ಇಷ್ಟು ಮುಖ್ಯವೆಂಬುದಕ್ಕೆ ಒಂದು ಲೆಕ್ಕ ನೋಡಿ. ನಿಮ್ಮ ದೋಣಿ ನಿಂತ ನೀರಿನಲ್ಲಿ ಗಂಟೆಗೆ 5 ಕಿಲೋಮೀಟರ್ ಹೋಗುತ್ತದೆ, ನದಿ ಇಳಿತದ ಸೆಳೆತದಲ್ಲಿ ಗಂಟೆಗೆ 3 ಕಿಲೋಮೀಟರ್ ಹರಿಯುತ್ತಿದೆ ಎಂದಿಟ್ಟುಕೊಳ್ಳೋಣ. ಆಗ ನೀರಿನ ಜೊತೆಯಲ್ಲಿ 6 ಕಿಲೋಮೀಟರ್ ಕೆಳಗೆ ಹೋಗಲು 45 ನಿಮಿಷ ಸಾಕು. ಅದೇ ನೀರಿಗೆ ಎದುರಾಗಿ ಹಿಂದಿರುಗಲು 3 ಗಂಟೆ ಬೇಕು, ಅದೂ ಗಾಳಿ ಕೊನೆಯವರೆಗೂ ನಿಮ್ಮ ಪರವಾಗಿದ್ದರೆ ಮಾತ್ರ. ಗಾಳಿಯೂ ಎದುರಾಗಿದ್ದರೆ ಹಾಯಿದೋಣಿ ನೇರವಾಗಿ ಹೋಗಲಾರದು. ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಈ ದಡದ ಕಡೆಗೆ, ಒಮ್ಮೆ ಆ ದಡದ ಕಡೆಗೆ ಅಂಕುಡೊಂಕಾಗಿ ಸಾಗಬೇಕಾದ್ದರಿಂದ ದಾರಿ ಇನ್ನಷ್ಟು ಉದ್ದವಾಗುತ್ತದೆ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಚಂದ್ರನ ದಿನ 24 ಗಂಟೆ 50 ನಿಮಿಷದ್ದಾದ್ದರಿಂದ ಇವತ್ತಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳಲ್ಲಿ ಸೂರ್ಯಚಂದ್ರರ ಸೆಳೆತ ಒಂದುಗೂಡುವುದರಿಂದ, ಆ ದಿನ ಮತ್ತು ಅದರ ನಂತರದ ಒಂದೆರಡು ದಿನ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯಿಂದ ದಶಮಿಯ ಹೊತ್ತಿಗೆ ಏರಿಳಿತ ಕಡಿಮೆಯಾಗಿ ಸೆಳೆತವೂ ಮೆತ್ತಗಾಗುತ್ತದೆ. ಹಗಲು ರಾತ್ರಿ ಸಮನಾಗುವ ಮಾರ್ಚ್ 20ರ ಆಸುಪಾಸಿನ ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಈ ಏರಿಳಿತ ಇನ್ನೂ ಹೆಚ್ಚು. ಈಗ ನಿಮ್ಮ ಮನೆಯ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ. ಶಿವರಾತ್ರಿ ಬರುವುದು ಅಮಾವಾಸ್ಯೆಯ ಹಿಂದಿನ ಚತುರ್ದಶಿಯಂದು, ಹೋಳಿ ಹುಣ್ಣಿಮೆಯಂದು, ಯುಗಾದಿ ಅಮಾವಾಸ್ಯೆಯ ಮಾರನೆಯ ಪಾಡ್ಯದಂದು. ಈ ಮೂರು ಹಬ್ಬಗಳೂ ದೊಡ್ಡ ಉಬ್ಬರದ ದಿನಗಳ ಮೇಲೆಯೇ ಬೀಳುತ್ತವೆ. ಮೊದಲ ಸಲ ಹೋಗುವ ನಿಮಗೆ ಅವು ಸೂಕ್ತವಲ್ಲ. ಫಾಲ್ಗುಣದ ಶುಕ್ಲ ಪಕ್ಷದ ಅಷ್ಟಮಿಯ ಸುತ್ತ ಮೂರು ದಿನ, ಹೋಳಿ ಕಳೆದ ಮೇಲೆ ಬರುವ ಕೃಷ್ಣ ಪಕ್ಷದ ಅಷ್ಟಮಿಯ ಸುತ್ತ ಮೂರು ದಿನ, ಇವೇ ನಿಮ್ಮ ಅವಕಾಶಗಳು.

ಅಷ್ಟಮಿಯನ್ನು ಹೇಳಲು ಇನ್ನೂ ಬಲವಾದ ಕಾರಣವೊಂದಿದೆ, ಅದು ಗಾಳಿಗೆ ಸಂಬಂಧಿಸಿದ್ದು. ಈ ತಿಂಗಳುಗಳಲ್ಲಿ ಬೆಳಗಿನ ಜಾವದಿಂದ ಸುಮಾರು ಒಂಬತ್ತು ಗಂಟೆಯವರೆಗೆ ಘಟ್ಟದ ಕಡೆಯಿಂದ ಕಡಲಿಗೆ ನೆಲಗಾಳಿ ಮೆಲ್ಲಗೆ ಬೀಸುತ್ತದೆ. ಆಮೇಲೆ ಗಾಳಿ ಬಹುತೇಕ ನಿಲ್ಲುತ್ತದೆ. ಹನ್ನೊಂದು, ಹನ್ನೆರಡರ ಹೊತ್ತಿಗೆ ವಾಯವ್ಯದಿಂದ ಕಡಲ ಗಾಳಿ ಎದ್ದು, ಎರಡರಿಂದ ನಾಲ್ಕು ಗಂಟೆಯ ನಡುವೆ ಚುರುಕಾಗಿ, ಸೂರ್ಯ ಮುಳುಗುವ ಹೊತ್ತಿಗೆ ಬಿದ್ದುಹೋಗುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಹಗಲಿನ ಉಬ್ಬರ ಮಧ್ಯಾಹ್ನದ ಹತ್ತಿರ ಬರುವುದರಿಂದ, ಊಟದ ಹೊತ್ತಿನಿಂದ ಸಂಜೆಯವರೆಗೆ ನೀರು ಕಡಲ ಕಡೆಗೆ ಸೆಳೆಯುತ್ತದೆ, ಗಾಳಿ ಮಾತ್ರ ಕಡಲಿನಿಂದ ನೆಲದ ಕಡೆಗೆ ಬೀಸುತ್ತದೆ. ಗಾಳಿ ಮತ್ತು ಸೆಳೆತ ಹೀಗೆ ಎದುರುಬದುರಾದಾಗ ಅಳಿವೆಯ ಬಳಿ ಗಿಡ್ಡನೆಯ, ಕಡಿದಾದ ಅಲೆಗಳು ಏಳುತ್ತವೆ. ಹದಿನಾಲ್ಕು ಅಡಿಯ ದೋಣಿಗೆ ನೀರು ನುಗ್ಗುವುದು ಇಂಥ ಅಲೆಗಳಲ್ಲಿಯೇ. ಅಷ್ಟಮಿಯ ಹೊತ್ತಿಗೆ ಉಬ್ಬರದ ಗಂಟೆ ಸರಿದು ಹೋಗಿ, ಹಗಲಿನ ಇಳಿತ ಮಧ್ಯಾಹ್ನಕ್ಕೆ ಬರುತ್ತದೆ. ಆಗ ಗಾಳಿಯೂ ನೀರೂ ಒಟ್ಟಿಗೆ ದಿಕ್ಕು ಬದಲಿಸುತ್ತವೆ.

ಆದ್ದರಿಂದ ನಿಮ್ಮ ದಿನ ಹೀಗಿರಲಿ. ಅಳಿವೆಯಿಂದ ಕೆಲವು ಕಿಲೋಮೀಟರ್ ಮೇಲೆ, ದೋಣಿ ಇಳಿಸಲು ಗಟ್ಟಿ ನೆಲವಿರುವ ಕಡೆ ಬೆಳಿಗ್ಗೆ ಎಂಟಕ್ಕೆ ನೀರಿಗಿಳಿಯಿರಿ. ಇಳಿಯುವ ನೀರು ಮತ್ತು ನೆಲಗಾಳಿ ಎರಡೂ ನಿಮ್ಮನ್ನು ಕೆಳಗೆ ಕರೆದೊಯ್ಯುತ್ತವೆ. ಅಳಿವೆ ಕಣ್ಣಿಗೆ ಬೀಳುವ ಮೊದಲೇ, ಅಂದರೆ ಅಲೆ ಒಡೆಯುವ ಸದ್ದು ಕೇಳುವುದಕ್ಕಿಂತ ಸಾಕಷ್ಟು ಮೇಲೆಯೇ, ದೋಣಿಯನ್ನು ದಡಕ್ಕೆ ಎಳೆದು ಲಂಗರು ಹಾಕಿ ಬುತ್ತಿ ಬಿಚ್ಚಿ. ಇಳಿತ ಮುಗಿದು ನೀರು ಒಳಮುಖವಾದ ಮೇಲೆ ಕಡಲ ಗಾಳಿ ಬೆನ್ನಿಗೆ ಸಿಗುತ್ತದೆ; ನಾಲ್ಕು ಗಂಟೆಯೊಳಗೆ ಹೊರಟ ಜಾಗಕ್ಕೆ ಮುಟ್ಟುತ್ತೀರಿ, ಅಷ್ಟು ಹೊತ್ತಿಗೆ ನೀರು ಮೇಲೇರಿರುವುದರಿಂದ ದೋಣಿಯನ್ನು ಕೆಸರಿನಲ್ಲಿ ಎಳೆಯಬೇಕಾಗುವುದಿಲ್ಲ. ಮಧ್ಯಾಹ್ನ ಒಂದಾದರೂ ಕಡಲ ಗಾಳಿ ಬಾರದಿದ್ದರೆ ಕಾಯಬೇಡಿ, ಏರುವ ನೀರಿನ ಜೊತೆಗೆ ಹುಟ್ಟು ಹಾಕಿಕೊಂಡು ಹೊರಡಿ.

ಪಟ್ಟಿಯ ಬಗ್ಗೆ ಒಂದು ಎಚ್ಚರಿಕೆ. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಪ್ರಕಟಿಸುವ ಪಟ್ಟಿಯಲ್ಲಿ ನವಮಂಗಳೂರು ಬಂದರಿನ ಹೊತ್ತುಗಳಿರುತ್ತವೆ. ಅವು ಕಡಲಂಚಿನ ಹೊತ್ತುಗಳು. ನದಿಯ ಒಳಗೆ ಹೋದಷ್ಟೂ ಉಬ್ಬರ ತಡವಾಗುತ್ತದೆ, ಹರಿವು ದಿಕ್ಕು ಬದಲಿಸುವುದು ಇನ್ನೂ ತಡವಾಗಬಹುದು. ಸೇತುವೆಯ ಕಂಬದ ಬುಡವನ್ನು ನೋಡಿ: ಕಂಬದ ಯಾವ ಪಕ್ಕದಲ್ಲಿ ನೀರು ಸುಳಿಯುತ್ತಿದೆ, ತೇಲುವ ಸೋಗೆ, ಕಸಕಡ್ಡಿ ಯಾವ ಕಡೆಗೆ ಸಾಗುತ್ತಿದೆ ಎಂಬುದು ಆ ಕ್ಷಣದ ನಿಜವನ್ನು ಹೇಳುತ್ತದೆ.

ಟ್ರೇಲರ್ ಎಳೆದುಕೊಂಡು ಬರುವವರಿಗೆ ಚಾರ್ಮಾಡಿಯ ತಿರುವುಗಳು ಕಷ್ಟ, ಶಿವರಾತ್ರಿಯ ಹಿಂದಿನ ದಿನಗಳಲ್ಲಂತೂ ಧರ್ಮಸ್ಥಳಕ್ಕೆ ನಡೆದು ಹೋಗುವ ಭಕ್ತರಿಂದ ಆ ರಸ್ತೆ ತುಂಬಿರುತ್ತದೆ. ಸುತ್ತಾದರೂ ಸಕಲೇಶಪುರದ ಮೇಲೆ ಬಂದು ಶಿರಾಡಿ ಇಳಿಯುವುದು ಮೇಲು.

ಪ್ರಶ್ನೆ: ಪಟ್ಟಿಯಲ್ಲಿ ಇಳಿತ 0.3 ಮೀಟರ್ ಎಂದಿದ್ದರೆ ನದಿಯಲ್ಲಿ ಅಷ್ಟೇ ನೀರಿರುತ್ತದೆಯೇ? ದೋಣಿ ಮರಳಿಗೆ ಸಿಕ್ಕಿಕೊಂಡರೆ ಏನು ಮಾಡಬೇಕು?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ಇಲ್ಲ. ಆ ಅಂಕಿ ಬಂದರಿನ ನಕ್ಷೆಗೆ ಗೊತ್ತುಮಾಡಿರುವ ಒಂದು ಮಟ್ಟದಿಂದ ಅಳೆದದ್ದು. ನೀವು ಹೋಗುವ ಜಾಗದ ಆಳ ಅದಕ್ಕಿಂತ ಹೆಚ್ಚೂ ಇರಬಹುದು, ಅಲ್ಲಿ ಮರಳ ದಿಬ್ಬವೇ ಮೇಲೆದ್ದು ನಿಂತಿರಲೂಬಹುದು. ಪಟ್ಟಿಯಿಂದ ತಿಳಿಯಬೇಕಾದ್ದು ಏರಿಳಿತದ ಅಂತರವನ್ನು. ಮಂಗಳೂರಿನಲ್ಲಿ ದಿನದ ದೊಡ್ಡ ಉಬ್ಬರಕ್ಕೂ ದೊಡ್ಡ ಇಳಿತಕ್ಕೂ ಸರಾಸರಿ ಅಂತರ ಸುಮಾರು 1.2 ಮೀಟರ್. ಈ ನೀರು ಆರು ಗಂಟೆಗಳಲ್ಲಿ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ದೋಣಿಯವರು ಬಳಸುವ ಸ್ಥೂಲ ಲೆಕ್ಕದ ಪ್ರಕಾರ ಮೊದಲ ಗಂಟೆಯಲ್ಲಿ 10 ಸೆಂಟಿಮೀಟರ್, ಎರಡನೆಯದರಲ್ಲಿ 20, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ 30, ಐದನೆಯದರಲ್ಲಿ 20, ಆರನೆಯದರಲ್ಲಿ 10 ಇಳಿಯುತ್ತದೆ. ನಡುವಿನ ಎರಡು ಗಂಟೆಗಳಲ್ಲಿ ಸೆಳೆತ ಅತಿ ಹೆಚ್ಚು ಎಂಬುದು ಇದರಿಂದಲೇ ತಿಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಒಂದೇ ದಿನದ ಎರಡು ಇಳಿತಗಳೂ ಸಮನಾಗಿರುವುದಿಲ್ಲ, ಅವುಗಳ ನಡುವೆ ಅರ್ಧ ಮೀಟರಿನಷ್ಟು ವ್ಯತ್ಯಾಸವಿರಬಹುದು. ಬೆಳಗಿನ ಇಳಿತದಲ್ಲಿ ದಾಟಿದ ದಿಬ್ಬವನ್ನು ಸಂಜೆಯ ಇಳಿತದಲ್ಲಿ ದಾಟಲಾಗದೆ ಹೋಗುವುದು ಇದೇ ಕಾರಣಕ್ಕೆ.

ಸಿಕ್ಕಿಕೊಂಡಾಗ ಮೊದಲು ಕೇಳಿಕೊಳ್ಳಬೇಕಾದ್ದು ನೀರು ಏರುತ್ತಿದೆಯೇ, ಇಳಿಯುತ್ತಿದೆಯೇ ಎಂದು. ಏರುತ್ತಿದ್ದರೆ ಹಾಯಿ ಇಳಿಸಿ, ದೋಣಿ ಇನ್ನಷ್ಟು ದಿಬ್ಬದ ಮೇಲೆ ಹೋಗದಂತೆ ಲಂಗರು ಹಾಕಿ ಕುಳಿತಿದ್ದರೆ ನೀರೇ ಎತ್ತಿಕೊಡುತ್ತದೆ. ಇಳಿಯುತ್ತಿದ್ದರೆ ಒಂದು ನಿಮಿಷವನ್ನೂ ಕಳೆಯಬಾರದು: ದೋಣಿಯ ನಡುವಿನಿಂದ ನೀರಿಗೆ ಇಳಿಬಿಟ್ಟಿರುವ ತಳಹಲಗೆಯನ್ನು ಮೇಲೆತ್ತಿ, ಹಾಯಿ ಸಡಿಲಿಸಿ, ಒಂದು ಪಕ್ಕಕ್ಕೆ ಭಾರ ಹಾಕಿ ದೋಣಿಯನ್ನು ವಾಲಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಹುಟ್ಟಿನಿಂದ ನೂಕಬೇಕು. ಕೆಳಗಿಳಿದು ತಳ್ಳಬೇಕಾದರೆ ಲೈಫ್ ಜಾಕೆಟ್ ಮತ್ತು ಚಪ್ಪಲಿ ಬಿಚ್ಚದೆ ಇಳಿಯಿರಿ. ಮರಳು ಒಂದು ಹೆಜ್ಜೆಯ ಆಚೆಗೇ ಕಡಿದುಹೋಗಿರಬಹುದು, ಕಲ್ಲಿಗೆ ಅಂಟಿದ ಚಿಪ್ಪುಗಳು ಕಾಲು ಕೊಯ್ಯುತ್ತವೆ. ಇಳಿತದಲ್ಲಿ ಹೆಂಗಸರು ಗಂಡಸರು ಸೊಂಟದಾಳದ ನೀರಿನಲ್ಲಿ ಬಗ್ಗಿ ಮರುವಾಯಿ (ಚಿಪ್ಪುಮೀನು) ಆರಿಸುತ್ತಿರುವುದು ಕಂಡರೆ ಆ ಕಡೆ ಆಳವಿಲ್ಲವೆಂದು ತಿಳಿಯಿರಿ. ಅವರ ದುಡಿಮೆಗೆ ಅಡ್ಡಿಯಾಗದಂತೆ ದೂರದಿಂದಲೇ ಹೋಗಿ, ಸಾಧ್ಯವಾದರೆ ದಾರಿ ಕೇಳಿ. ಆ ನದಿಯ ತಳವನ್ನು ಅವರಷ್ಟು ಬಲ್ಲವರಿಲ್ಲ.

ಸೇತುವೆಯ ಕೆಳಗೆ ಹೋಗುವಾಗ ಇದರ ವಿರುದ್ಧದ ಲೆಕ್ಕ ಬೇಕು. ಉಬ್ಬರ ಏರಿದಷ್ಟೂ ಹಾಯಿಮರದ ತುದಿ ಸೇತುವೆಗೆ ಹತ್ತಿರವಾಗುತ್ತದೆ. ನದಿಯ ಮೇಲೆ ಹಾದುಹೋಗುವ ವಿದ್ಯುತ್ ತಂತಿಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಇರಲಿ, ಏಕೆಂದರೆ ಈಗಿನ ಹಾಯಿಮರಗಳು ಬಹುಮಟ್ಟಿಗೆ ಅಲ್ಯೂಮಿನಿಯಮ್ಮಿನವು.

ಪ್ರಶ್ನೆ: ಚಂದ್ರ ಎಲ್ಲ ಕಡೆಗೂ ಒಬ್ಬನೇ. ಹಾಗಾದರೆ ನಮ್ಮ ಯಗಚಿ ಜಲಾಶಯದಲ್ಲಿ ಉಬ್ಬರವಿಳಿತ ಏಕಿಲ್ಲ? ನೇತ್ರಾವತಿಯಲ್ಲಿ ಅದು ಎಲ್ಲಿಯವರೆಗೆ ಬರುತ್ತದೆ?
— ಪ್ರೌಢಶಾಲಾ ವಿದ್ಯಾರ್ಥಿನಿ, ಬೇಲೂರು

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀಯಮ್ಮ. ಚಂದ್ರನ ಸೆಳೆತ ಒಂದೆಡೆ ಇರುವುದಕ್ಕಿಂತ ಇನ್ನೊಂದೆಡೆ ತುಸು ಹೆಚ್ಚುಕಡಿಮೆ ಇರುವುದರಿಂದಲೇ ಉಬ್ಬರ ಉಂಟಾಗುತ್ತದೆ. ಈ ವ್ಯತ್ಯಾಸ ಬಹಳ ಸಣ್ಣದು. ಸಾವಿರಾರು ಕಿಲೋಮೀಟರ್ ಹರಡಿರುವ ಸಾಗರದಲ್ಲಿ ಮಾತ್ರ ಅದು ಕೂಡಿಕೊಂಡು ನೀರನ್ನು ಕಾಣುವಷ್ಟು ಸರಿಸುತ್ತದೆ. ಉತ್ತರ ಅಮೆರಿಕದ ಮಹಾ ಸರೋವರಗಳಂಥ ದೊಡ್ಡ ಕೆರೆಗಳಲ್ಲಿಯೂ ಅದು 5 ಸೆಂಟಿಮೀಟರನ್ನು ಮೀರುವುದಿಲ್ಲ. ಸೂರ್ಯನದೂ ಪಾಲುಂಟು, ಚಂದ್ರನದರ ಅರ್ಧಕ್ಕಿಂತ ತುಸು ಕಡಿಮೆ.

ನದಿಯ ತಳ ಕಡಲ ಮಟ್ಟಕ್ಕಿಂತ ಮೇಲೇರುವವರೆಗೆ ಉಬ್ಬರದ ನೀರು ಒಳಗೆ ಬರಬಲ್ಲದು. ನೇತ್ರಾವತಿ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಘಟ್ಟದಲ್ಲಿ. ಸಕಲೇಶಪುರದ ಕಡೆಯ ಎತ್ತಿನಹೊಳೆಯ ನೀರೂ ಕೆಂಪುಹೊಳೆ, ಕುಮಾರಧಾರಾಗಳ ಮೂಲಕ ಅದನ್ನೇ ಸೇರುತ್ತದೆ. ಆ ಮೇಲಿನ ಭಾಗಗಳಿಗೆ ಕಡಲಿನ ಪ್ರಭಾವ ಮುಟ್ಟುವುದೇ ಇಲ್ಲ. ಕೆಳಗೆ ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆಯ ಕಿಂಡಿ ಅಣೆಕಟ್ಟಿದೆ, ಅದಕ್ಕೂ ಕೆಳಗೆ ಹರೇಕಳ ಮತ್ತು ಅಡ್ಯಾರ್ ನಡುವೆ ಉಪ್ಪುನೀರನ್ನು ತಡೆಯುವ ಇನ್ನೊಂದು ಅಣೆಕಟ್ಟು ಬಂದಿದೆ. ಬೇಸಗೆಯಲ್ಲಿ ಅದರ ಬಾಗಿಲು ಹಾಕಿದಾಗ ಉಬ್ಬರ ಅಲ್ಲಿಗೇ ನಿಲ್ಲುತ್ತದೆ, ಹಾಯಿದೋಣಿಯ ದಾರಿಯೂ ಅಲ್ಲಿಗೇ ಮುಗಿಯುತ್ತದೆ.

ಪ್ರಶ್ನೆ: ನನ್ನ ಮಗ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಓದುತ್ತಿದ್ದಾನೆ. ಮಾರ್ಚ್ ಕೊನೆಯಲ್ಲಿ ಸ್ನೇಹಿತರೊಡನೆ ಹ್ಯಾಂಬಲ್ ನದಿಯಲ್ಲಿ ಹಾಯಿದೋಣಿ ನಡೆಸಲು ಹೋಗುವುದಾಗಿ ಬರೆದಿದ್ದಾನೆ. ಅವನಿಗೆ ಏನು ಹೇಳಬೇಕು?
— ನಿವೃತ್ತ ಶಿಕ್ಷಕಿ, ಹಾಸನ

ಉತ್ತರ: ತಾವು ಎರಡು ವಿಷಯಗಳನ್ನು ತಪ್ಪದೆ ಹೇಳಬೇಕು. ಮೊದಲನೆಯದು ಚಳಿ. ಅಲ್ಲಿ ಆಗಷ್ಟೇ ವಸಂತ ಕಾಲಿಟ್ಟಿರುತ್ತದೆ, ಬಿಸಿಲು ಹಿತವಾಗಿರುತ್ತದೆ, ಆದರೆ ನೀರು ಇನ್ನೂ 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುತ್ತದೆ. ನಮ್ಮ ಅರಬ್ಬೀ ಸಮುದ್ರ ಅದೇ ತಿಂಗಳಲ್ಲಿ 28 ಡಿಗ್ರಿಗಿಂತ ಮೇಲಿರುತ್ತದೆ. ಅಷ್ಟು ತಣ್ಣನೆಯ ನೀರಿಗೆ ಬಿದ್ದವರಿಗೆ ಮೊದಲ ಒಂದೆರಡು ನಿಮಿಷ ಉಸಿರು ಹತೋಟಿಗೆ ಸಿಗುವುದಿಲ್ಲ. ಎಷ್ಟು ಚೆನ್ನಾಗಿ ಈಜು ಬಲ್ಲವನಾದರೂ ಆಗ ಈಜಲು ಹೋಗದೆ, ಬೆನ್ನ ಮೇಲೆ ತೇಲಿಕೊಂಡು ಉಸಿರು ಹದಕ್ಕೆ ಬರುವವರೆಗೆ ಕಾಯಬೇಕು. ಬಿಸಿಲು ನೋಡಿ ಬಟ್ಟೆ ಹಾಕಿಕೊಳ್ಳದೆ, ನೀರಿನ ಚಳಿಗೆ ತಕ್ಕ ಬಟ್ಟೆ ಹಾಕಿಕೊಳ್ಳಲಿ.

ಎರಡನೆಯದು ಗಡಿಯಾರ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಬ್ರಿಟನ್ನಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಅಲ್ಲಿನ ಮುದ್ರಿತ ಪಟ್ಟಿಗಳು ಬಹುಮಟ್ಟಿಗೆ ಗ್ರೀನಿಚ್ ಹೊತ್ತಿನಲ್ಲಿಯೇ ಇರುತ್ತವೆ. ಒಂದು ಗಂಟೆ ಕೂಡಿಸಲು ಮರೆತರೆ ಇಡೀ ದಿನದ ಲೆಕ್ಕ ತಪ್ಪುತ್ತದೆ. ಸೌತಾಂಪ್ಟನ್ನಿನ ಬಳಿ ದೊಡ್ಡ ಏರಿಳಿತ ಸುಮಾರು 4 ಮೀಟರ್. ಅಲ್ಲಿ ನೀರು ತುಂಬಿದ ಮೇಲೆ ಎರಡು ಗಂಟೆ ಹೊತ್ತು ನಿಂತಂತೆ ಇದ್ದು, ಆಮೇಲೆ ಬಿರುಸಾಗಿ ಇಳಿಯುವುದರಿಂದ, ನಮ್ಮಲ್ಲಿಯ ಆರು ಗಂಟೆಯ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ.

ಪ್ರಶ್ನೆ: ಮನೆಯವರು ಇಬ್ಬರು ಮಕ್ಕಳನ್ನೂ ದೋಣಿಗೆ ಕರೆದೊಯ್ಯುವ ಯೋಚನೆಯಲ್ಲಿದ್ದಾರೆ. ನನಗೆ ಭಯ. ಏನೇನು ಸಿದ್ಧತೆ ಬೇಕು?
— ಗೃಹಿಣಿ, ಚಿಕ್ಕಮಗಳೂರು

ಉತ್ತರ: ನಿಮ್ಮ ಭಯಕ್ಕೆ ಆಧಾರವಿದೆ, ಅದನ್ನು ಮನೆಯವರು ಕೇಳಬೇಕು. ಹೊಸ ನದಿಯಲ್ಲಿ ಮೊದಲ ದಿನ ಮಕ್ಕಳು ಬೇಡ. ಮಕ್ಕಳಿಗೆ ನೀರಿನ ರುಚಿ ತೋರಿಸಬೇಕೆಂದಿದ್ದರೆ ಸಾಲಿಗ್ರಾಮದ ಕಡೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಕಯಾಕ್ ನಡೆಸಿಕೊಡುವ ಸ್ಥಳೀಯರ ಜೊತೆಗೆ ಹೋಗುವುದು ಉತ್ತಮ. ಹಾಯಿದೋಣಿಗೆ ಹತ್ತುವ ಪ್ರತಿಯೊಬ್ಬರಿಗೂ ಮೈಗೆ ಸರಿಹೊಂದುವ ಲೈಫ್ ಜಾಕೆಟ್ ಇರಬೇಕು, ಅದು ದೋಣಿಯಲ್ಲಿ ಇಟ್ಟಿರುವುದಲ್ಲ, ತೊಟ್ಟಿರಬೇಕು. ಬಿಸಿಲು ನೀರಿನಿಂದಲೂ ಪ್ರತಿಫಲಿಸಿ ಹೊಡೆಯುವುದರಿಂದ ತಲೆಗೆ ಟೋಪಿ, ಉದ್ದ ತೋಳಿನ ಅಂಗಿ, ಒಬ್ಬರಿಗೆ ಕನಿಷ್ಠ ಮೂರು ಲೀಟರ್ ಕುಡಿಯುವ ನೀರು ಇರಲಿ.

ಮಂಗಳೂರಿನ ದಕ್ಕೆ, ಮಲ್ಪೆ, ಗಂಗೊಳ್ಳಿಯಂಥ ಮೀನುಗಾರಿಕಾ ಬಂದರುಗಳ ದಾರಿಯಿಂದ ದೂರವಿರಿ. ಇಕ್ಕಟ್ಟಾದ ಕಾಲುವೆಯಲ್ಲಿ ದೊಡ್ಡ ದೋಣಿಗೆ ಅಡ್ಡಬಾರದಿರುವುದು ಹಾಯಿದೋಣಿಯವರ ಹೊಣೆ. ನೀರಿನ ಮೇಲೆ ಸಾಲಾಗಿ ತೇಲುತ್ತಿರುವ ಬೆಂಡುಗಳು ಬಲೆಯ ಗುರುತು, ಅವನ್ನು ಸುತ್ತಿಕೊಂಡು ಹೋಗಬೇಕು. ಮಾರ್ಚ್ ಮಧ್ಯಾಹ್ನಗಳಲ್ಲಿ ಪೂರ್ವ ದಿಕ್ಕಿನಲ್ಲಿ ಘಟ್ಟದ ಮೇಲೆ ಮೋಡ ಗೋಪುರದಂತೆ ಏಳುತ್ತಿದ್ದರೆ, ತೋಟದವರು ಕಾಯುವ ಹೂಮಳೆ ಅದೇ ಇರಬಹುದು. ದೋಣಿಯಲ್ಲಿರುವವರಿಗೆ ಅದು ಗುಡುಗು, ಮಿಂಚು ಮತ್ತು ಏಕಾಏಕಿ ತಿರುಗುವ ಗಾಳಿಯ ಮುನ್ಸೂಚನೆ, ಕೂಡಲೇ ದಡ ಸೇರಬೇಕು. ಹೊರಡುವ ಮುನ್ನ ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರದ ಮುನ್ಸೂಚನೆಯನ್ನು ನೋಡಿಕೊಳ್ಳಲಿ, ಸ್ಥಳೀಯ ಪಂಚಾಯಿತಿ ಅಥವಾ ಬಂದರು ಕಚೇರಿಯಲ್ಲಿ ಅನುಮತಿಯ ಬಗ್ಗೆ ವಿಚಾರಿಸಲಿ.

ಕೊನೆಯದಾಗಿ, ಎಲ್ಲಿ ಇಳಿಯುತ್ತಾರೆ, ಎಷ್ಟು ಹೊತ್ತಿಗೆ ಮೇಲೆ ಬರುತ್ತಾರೆ ಎಂಬುದನ್ನು ಅವರು ಕಾಗದದಲ್ಲಿ ಬರೆದು ನಿಮ್ಮ ಕೈಗೆ ಕೊಟ್ಟು ಹೋಗಲಿ. ಆ ಹೊತ್ತು ಕಳೆದು ಒಂದು ಗಂಟೆಯಾದರೂ ಕರೆ ಬಾರದಿದ್ದರೆ, ಸಂಕೋಚಪಡದೆ 112ಕ್ಕೆ ಅಥವಾ ಕರಾವಳಿ ಕಾವಲು ಪಡೆಯ 1554ಕ್ಕೆ ಫೋನ್ ಮಾಡಿ, ಆ ಕಾಗದದಲ್ಲಿರುವುದನ್ನು ಓದಿ ಹೇಳಿ.