ಪಟ್ಟಿ ತುಂಬಾ ಹೆಸರು, ಓಣಿ ತುಂಬಾ ಮುದುಕರು

ಪ್ರಶ್ನೆ: ನಮ್ಮದು ಗುರುಮಠಕಲ್ ತಾಲ್ಲೂಕಿನ ಸಣ್ಣ ಹಳ್ಳಿ, ಬಾಜೂಕ ಒಂದು ತಾಂಡಾ ಅದರಿ. ತೊಗರಿ ರಾಶಿ ಆದ ಮ್ಯಾಲ ಓಣ್ಯಾಗ ಮುದುಕ-ಮುದುಕೇರನ್ನ ಬಿಟ್ಟರ ಯಾರೂ ಕಾಣಂಗಿಲ್ಲ. ಮತದಾರರ ಪಟ್ಟಿ ನೋಡಿದ್ರ ಊರು ತುಂಬ್ಯಾದ. ಖರೇ ಜನಸಂಖ್ಯೆ ಯಾವುದು? ನಮ್ಮೂರಿಗೂ ವಯಸ್ಸಾಯ್ತು ಅಂತ ತಿಳಕೋಬೇಕೇನ್ರಿ?
ನಿವೃತ್ತ ಶಿಕ್ಷಕ, ಯಾದಗಿರಿ ಜಿಲ್ಲೆ

ಉತ್ತರ: ಮಾಸ್ತರರೇ, ಎರಡೂ ಖರೇ. ಗುಳೆ ಹೋದವರು ಓಟು, ರೇಷನ್ ಕಾರ್ಡು ಎರಡನ್ನೂ ಊರಲ್ಲೇ ಇಟ್ಟುಕೊಂಡಿರುತ್ತಾರೆ. ಜನಗಣತಿಯ ಲೆಕ್ಕವೇ ಬೇರೆ. 2011ರಲ್ಲಿ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಅಷ್ಟೂ ದಿನ ಮನೆಯಲ್ಲಿಲ್ಲದವರನ್ನು ಆ ಮನೆಯ ಲೆಕ್ಕಕ್ಕೆ ಹಿಡಿಯುವಂತಿಲ್ಲ, ಇದ್ದಲ್ಲಿಯೇ ಎಣಿಸಬೇಕು ಎಂಬುದು ನಿಯಮ. ನಿಮ್ಮ ಕಡೆ ಫೆಬ್ರುವರಿ ಅಂದರೆ ತೊಗರಿ ಮುಗಿದು, ಜನ ಬೆಂಗಳೂರು, ಹೈದರಾಬಾದ್, ಮುಂಬೈ, ಪುಣೆಯ ಕಟ್ಟಡ ಕೆಲಸಕ್ಕೆ ಹೋಗಿರುವ ಕಾಲ. ಊರು ತೀರಾ ಬರಿದಾದ ಹೊತ್ತಿಗೇ ಎಣಿಕೆದಾರರು ಬರುತ್ತಾರೆ! ಅತ್ತ ತಗಡಿನ ಶೆಡ್ಡಿನಲ್ಲಿ ಇವರ ಹೆಸರನ್ನು ಯಾರಾದರೂ ಬರೆದುಕೊಂಡರೆ ಪುಣ್ಯ. ಮುಂದಿನ ಗಣತಿಯ ಉಲ್ಲೇಖ ದಿನ, ಅಂದರೆ ಯಾವ ದಿನದ ಜನಸಂಖ್ಯೆ ಎಂದು ಲೆಕ್ಕ ಹಿಡಿಯುತ್ತಾರೋ ಆ ದಿನ, 2027ರ ಮಾರ್ಚ್ 1. ಮತ್ತದೇ ಹಂಗಾಮು.

ಇನ್ನು ವಯಸ್ಸಿನ ಮಾತು. 2011ರಲ್ಲಿ ರಾಜ್ಯದ ಜನಸಂಖ್ಯೆಯಲ್ಲಿ 60 ದಾಟಿದವರು ಶೇ 9.5ರಷ್ಟಿದ್ದರು. ನೂರು ಮಂದಿಯ ಊರಲ್ಲಿ ಹತ್ತು ಮುದುಕರಿದ್ದಾರೆ ಎನ್ನಿ, ಶೇ 10 ಆಯಿತು. ದುಡಿಯುವ ನಲವತ್ತು ಮಂದಿ ಗುಳೆ ಹೊರಟ ದಿನ ಅದೇ ಹತ್ತು ಜನ ಸುಮಾರು ಶೇ 17 ಆಗುತ್ತಾರೆ. ಹೊಸದಾಗಿ ಒಬ್ಬರೂ ಮುದುಕರಾಗಿಲ್ಲ. ಕರಾವಳಿಯ ಹಳ್ಳಿಗಳಲ್ಲಿ ಮಕ್ಕಳು ಹುಟ್ಟುವುದೇ ಕಡಿಮೆಯಾಗಿದೆ. ಯಾದಗಿರಿಯಾದರೋ ರಾಜ್ಯದಲ್ಲಿ ಜನನ ಪ್ರಮಾಣ ಹೆಚ್ಚಿರುವ ಜಿಲ್ಲೆಗಳಲ್ಲೊಂದು. ನಿಮ್ಮಲ್ಲಿ ಕಡಿಮೆಯಿರುವುದು ನೀರು. ಶಹಾಪುರ, ಸುರಪುರದ ಕಡೆ ನಾರಾಯಣಪುರದ ಕಾಲುವೆ ಹರಿದಲ್ಲಿ ಭತ್ತದ ಕೆಲಸ ಸಿಗುತ್ತದೆ. ಮಳೆ ನಂಬಿದ ಒಂದೇ ಬೆಳೆಯ ಹೊಲ ವರ್ಷವಿಡೀ ಯಾರನ್ನು ಸಾಕೀತು?

ಹಾಗಂತ ಮನೆ ಕಾಯುವ ಅಜ್ಜಿಯ ಪಾಡು ಹಗುರ ಎನ್ನುತ್ತಿಲ್ಲ. ವೃದ್ಧರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿಯಲ್ಲಿ ಎಷ್ಟೋ ಮನೆಗಳಲ್ಲಿ ಮೊಮ್ಮಕ್ಕಳ ಖರ್ಚೂ ನಡೆಯಬೇಕು.

ಇದು ಗುಳೆಯೋ, ಊರು ಬಿಟ್ಟದ್ದೋ ಎಂದು ತಿಳಿಯಬೇಕಾದರೆ ಶಾಲೆಯ ದಾಖಲಾತಿ ಪುಸ್ತಕ ತೆಗೆಸಿ ನೋಡಿ. ನಿಮಗೆ ಹೆಡ್ ಮಾಸ್ತರರು ಇಲ್ಲ ಎನ್ನಲಾರರು. ಟಿಸಿ ಒಯ್ಯದೆ ತಿಂಗಳುಗಟ್ಟಲೆ ಗೈರಾಗಿ, ಮಳೆಗಾಲಕ್ಕೆ ಮರಳುವ ಮಕ್ಕಳು ಗುಳೆಯ ಮನೆಯವರು. ಟಿಸಿ ಒಯ್ದು ಬೆಂಗಳೂರಿನ ಶಾಲೆಗೆ ಸೇರಿಸಿದವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ, ಆಗ ನಿಮ್ಮ ಅನುಮಾನ ಸರಿ.