ಬೋರ್ಡೋಗೆ ಸುಣ್ಣ ಎಷ್ಟು: ಮಗಳ ಲೆಕ್ಕವೂ ಸರಿ, ನಿಮ್ಮ ಅಳತೆಯೂ ಸರಿ

ಅಣ್ಣ, ಬೋರ್ಡೋಗೆ ಒಂದು ಕಿಲೋ ಸುಣ್ಣ ಹಾಕಬೇಕೋ, ಮಗಳು ಹೇಳಿದಷ್ಟೇ ಸಾಕೋ ಎಂಬ ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಅಡಿಕೆಯ ಕೊಳೆರೋಗಕ್ಕೆ ನಾವೆಲ್ಲ ಹೊಡೆಯುವುದು ಒಂದು ಪರ್ಸೆಂಟ್ ಬೋರ್ಡೋ ದ್ರಾವಣ. ಅಂದರೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಪಿಯುಸಿ ಓದುವ ನಿಮ್ಮ ಮಗಳು ಲೆಕ್ಕ ಹಾಕಿ, "ಅಪ್ಪ, 297 ಗ್ರಾಂ ಸುಣ್ಣ ಸಾಕು, ನೀವು ಸುಮ್ನೆ ಜಾಸ್ತಿ ಹಾಕ್ತಿದ್ದೀರಿ" ಅಂದಿದ್ದಾಳೆ. ನಿಮ್ಮ ಪ್ರಶ್ನೆಯ ಕೆಳಗೆ ಉತ್ತರ ಬರೆದ ಒಬ್ಬರು ತಮ್ಮ ಮಗನಿಗೆ 464 ಗ್ರಾಂ ಬಂತು ಎಂದಿದ್ದಾರೆ. ಇನ್ನೊಬ್ಬರು, ಶಾಲೆಯ ಲೆಕ್ಕ ತೋಟದಲ್ಲಿ ನಡೆಯುವುದಿಲ್ಲ ಬಿಡಿ ಎಂದು ಬರೆದಿದ್ದಾರೆ. ಈ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ಮನೆಯಲ್ಲಿ ಅಡಿಕೆ ತೋಟವೂ ಇದೆ. ನಿಮ್ಮ ಮಗಳ ಲೆಕ್ಕ ಸರಿ. ಒಂದು ಕಿಲೋ ಸುಣ್ಣ ಹಾಕುವುದೂ ಸರಿ. ಎರಡೂ ಹೇಗೆ ಸರಿ ಅನ್ನುವುದು ಅದೇ ಲೆಕ್ಕದಲ್ಲಿ ಸಿಗುತ್ತದೆ.

ಮೊದಲು 297 ಎಲ್ಲಿಂದ ಬಂತು ನೋಡೋಣ. ಪುಸ್ತಕದ ಸಮೀಕರಣ ಹೀಗಿದೆ: ಒಂದು ತಾಮ್ರದ ಸಲ್ಫೇಟ್, ಒಂದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ (ಅರಳಿದ ಸುಣ್ಣ) ಸೇರಿ ಒಂದು ತಾಮ್ರದ ಹೈಡ್ರಾಕ್ಸೈಡ್, ಒಂದು ಕ್ಯಾಲ್ಸಿಯಂ ಸಲ್ಫೇಟ್ ಆಗುತ್ತದೆ. ಇಲ್ಲಿ ಒಂದಕ್ಕೆ ಒಂದು ಅನ್ನುವುದು ಎಣಿಕೆಯಲ್ಲಿ, ತೂಕದಲ್ಲಿ ಅಲ್ಲ. ಮಕ್ಕಳು ಎಡವುವುದೇ ಇಲ್ಲಿ. ಮದುವೆ ಮನೆಯ ತಾಂಬೂಲದ ಚೀಲಕ್ಕೆ ಒಂದು ತೆಂಗಿನಕಾಯಿ, ಒಂದು ಅಡಿಕೆ ಹಾಕುತ್ತೇವೆ ಅಂದುಕೊಳ್ಳಿ. ನೂರು ಚೀಲಕ್ಕೆ ನೂರು ಕಾಯಿ, ನೂರು ಅಡಿಕೆ. ಎಣಿಕೆ ಸಮ. ಆದರೆ ಕಾಯಿಯ ಮೂಟೆ ಹೊರಲು ಇಬ್ಬರು ಬೇಕು, ಅಡಿಕೆಯನ್ನು ಒಂದು ಕೈಯಲ್ಲಿ ತರಬಹುದು. ಅಣುಗಳನ್ನು ಎಣಿಸಲು ಆಗುವುದಿಲ್ಲ, ಹಾಗಾಗಿ ತೂಕ ಮಾಡಿ ಎಣಿಕೆ ತಿಳಿದುಕೊಳ್ಳುತ್ತೇವೆ. ಒಂದು ಮೋಲ್ ಅಂದರೆ ಅಣುಗಳ ಒಂದು ಗೊತ್ತಾದ ಎಣಿಕೆ, ಅಷ್ಟೇ.

ಪರಮಾಣು ತೂಕದ ಲೆಕ್ಕದಲ್ಲಿ ಮೈಲುತುತ್ತದ ಅಣುವಿನಲ್ಲಿ ತಾಮ್ರ 63.5, ಗಂಧಕ 32, ನಾಲ್ಕು ಆಮ್ಲಜನಕ 64. ಕೂಡಿದರೆ 159.5. ಆದರೆ ನಾವು ಅಂಗಡಿಯಿಂದ ತರುವ ನೀಲಿ ಹರಳಿನಲ್ಲಿ ಪ್ರತಿ ಅಣುವಿನ ಜೊತೆ ಐದು ನೀರಿನ ಅಣು ಕೂತಿರುತ್ತದೆ. ಅದರ ತೂಕ 90. ಒಟ್ಟು 249.5. ಇಷ್ಟು ಗ್ರಾಂ ಹರಳು ತೂಗಿದರೆ ಒಂದು ಮೋಲ್. ಅಂದರೆ ಒಂದು ಕಿಲೋ ಮೈಲುತುತ್ತ ತಂದಾಗ ಅದರಲ್ಲಿ ಸುಮಾರು 360 ಗ್ರಾಂ ಬರೀ ನೀರು. ತಾಮ್ರ ಇರುವುದು ಸುಮಾರು 254 ಗ್ರಾಂ.

ಈಗ 1000 ಗ್ರಾಮನ್ನು 249.5ರಿಂದ ಭಾಗಿಸಿ. ಹತ್ತಿರ ಹತ್ತಿರ 4 ಮೋಲ್. ಒಂದಕ್ಕೆ ಒಂದು ಆದ್ದರಿಂದ ಸುಣ್ಣವೂ 4 ಮೋಲ್ ಬೇಕು. ಅರಳಿದ ಸುಣ್ಣದ ಒಂದು ಮೋಲ್ 74 ಗ್ರಾಂ. ಗುಣಿಸಿದರೆ 297 ಗ್ರಾಂ. 464 ಬಂದ ಹುಡುಗ ಆ ಐದು ನೀರನ್ನು ಬಿಟ್ಟು 159.5ರಿಂದ ಭಾಗಿಸಿದ್ದಾನೆ. ಉಳಿದ ದಾರಿಯೆಲ್ಲ ಸರಿಯಾಗಿದೆ, ಅವನಿಗೆ ಹೇಳಿ. ಪರೀಕ್ಷೆಯಲ್ಲಿ ಹರಳು ಅಂತ ಕೊಟ್ಟಿದ್ದಾರೋ, ನೀರಿಲ್ಲದ್ದು ಅಂತ ಕೊಟ್ಟಿದ್ದಾರೋ ನೋಡುವುದು ಮುಖ್ಯ.

ಹಾಗಾದರೆ ನಾವು ಮೂರು ಪಟ್ಟಿಗಿಂತ ಜಾಸ್ತಿ ಸುಣ್ಣ ಯಾಕೆ ಹಾಕುತ್ತೇವೆ? ಪುಸ್ತಕದ ಸುಣ್ಣ ಪೂರ್ತಿ ಶುದ್ಧ. ನಮ್ಮ ಚೀಲದ ಸುಣ್ಣ ಹಾಗಿರುವುದಿಲ್ಲ. ಅದರಲ್ಲಿ ಕಲ್ಲು, ಮರಳು ಇರುತ್ತದೆ. ಬಾಯಿ ತೆರೆದಿಟ್ಟ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸೀಮೆಸುಣ್ಣದಂಥ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತಾ ಹೋಗುತ್ತದೆ. ನೋಡಲು ಬಿಳಿಯಾಗಿಯೇ ಇರುತ್ತದೆ, ತೂಕವೂ ಇರುತ್ತದೆ, ಆದರೆ ಕ್ಷಾರದ ಬಲ ಹೋಗಿರುತ್ತದೆ. ಎಷ್ಟು ಹೋಗಿದೆ ಎಂದು ಕಣ್ಣಳತೆಯಲ್ಲಿ ಹೇಳಲು ಆಗುವುದಿಲ್ಲ.

ಈಗ ಅದೇ ಲೆಕ್ಕವನ್ನು ತಿರುಗಿಸಿ ಹಾಕಿ. ಬೇಕಾದದ್ದು 297 ಗ್ರಾಂ ಒಳ್ಳೆಯ ಸುಣ್ಣ. ನೀವು ಒಂದು ಕಿಲೋ ಹಾಕಿದರೆ, ಅದರಲ್ಲಿ ನೂರಕ್ಕೆ ಮೂವತ್ತು ಪಾಲು ಒಳ್ಳೆಯದಿದ್ದರೂ ಕೆಲಸ ನಡೆಯುತ್ತದೆ. ಬದಲಿಗೆ 300 ಗ್ರಾಂ ಮಾತ್ರ ತೂಗಿ ಹಾಕಿದಿರಿ, ಅದರಲ್ಲಿ ಅರ್ಧ ಕೆಟ್ಟಿದೆ ಅನ್ನಿ. ಕೆಲಸಕ್ಕೆ ಬರುವುದು 150 ಗ್ರಾಂ, ಅಂದರೆ 2 ಮೋಲ್. ಅದು 2 ಮೋಲ್ ಮೈಲುತುತ್ತವನ್ನು ಮಾತ್ರ ಹಿಡಿಯುತ್ತದೆ. ಈ ಸಮೀಕರಣದ ಪ್ರಕಾರ ಉಳಿದ ಅರ್ಧ ಕಿಲೋ ಮೈಲುತುತ್ತ ನೀರಿನಲ್ಲಿ ಕರಗಿಕೊಂಡೇ ಉಳಿಯಿತು. ಆ ಬಿಡಿ ತಾಮ್ರ ಎಳೆ ಹಿಂಗಾರ, ಎಳೆ ಕಾಯಿ, ಎಲೆಯನ್ನು ಸುಡುತ್ತದೆ. ಸುಣ್ಣ ಹೆಚ್ಚಾದರೆ ಆಗುವ ತೊಂದರೆ ಸಣ್ಣದು, ಸೋಸದೆ ಹಾಕಿದರೆ ನಾಜಲ್ ಕಟ್ಟುತ್ತದೆ. ಬೆಲೆಯಲ್ಲೂ ದುಬಾರಿ ಮೈಲುತುತ್ತವೇ. ಹಾಗಾಗಿ ದಯವಿಟ್ಟು ಯಾರೂ ಈ ಲೆಕ್ಕ ನೋಡಿ ಸುಣ್ಣ ಕಡಿಮೆ ಮಾಡಬೇಡಿ.

ಕಾಲೇಜಿನಲ್ಲಿ ಲಿಮಿಟಿಂಗ್ ರಿಯೇಜೆಂಟ್ ಅಂತ ಕಲಿಸುತ್ತಾರಲ್ಲ, ಅದು ಇದೇ. ಕ್ರಿಯೆಯಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದು ಉತ್ಪನ್ನ ಎಷ್ಟು ಅನ್ನುವುದನ್ನು ತೀರ್ಮಾನಿಸುತ್ತದೆ. ಬೋರ್ಡೋದಲ್ಲಿ ಮೊದಲು ಮುಗಿಯಬೇಕಾದ್ದು ಮೈಲುತುತ್ತ. ಹಾಗಾಗಿ ಮೈಲುತುತ್ತವನ್ನು ಸರಿಯಾಗಿ ತೂಗಿ, ಸುಣ್ಣ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ. 1885ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲಾರ್ಡೆ ದ್ರಾಕ್ಷಿಗೆ ಪ್ರಕಟಿಸಿದ ಮೊದಲ ಅಳತೆಯಲ್ಲಿ 8 ಕಿಲೋ ಮೈಲುತುತ್ತಕ್ಕೆ 15 ಕಿಲೋ ಸುಣ್ಣ ಇತ್ತು! ನಮ್ಮದು ಅದಕ್ಕಿಂತ ಎಷ್ಟೋ ಕಡಿಮೆ. ನಮ್ಮ ಕಡೆ ಅಡಿಕೆಯ ಕೊಳೆಗೆ ಇದನ್ನು ರೂಢಿಗೆ ತರಲು ಕಳೆದ ಶತಮಾನದ ಆರಂಭದಲ್ಲಿ ದುಡಿದವರು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್.

ಮಗಳಿಗೆ ಇನ್ನೊಂದು ವಿಷಯ ಹೇಳಿ. ನಿಜವಾದ ಬೋರ್ಡೋದಲ್ಲಿ ಕೂರುವ ನೀಲಿ ಗಸಿ ಬರೀ ತಾಮ್ರದ ಹೈಡ್ರಾಕ್ಸೈಡ್ ಅಲ್ಲ, ಅದರಲ್ಲಿ ಸ್ವಲ್ಪ ಸಲ್ಫೇಟ್ ಕೂಡ ಸಿಕ್ಕಿಕೊಂಡಿರುತ್ತದೆ. ಆ ಲೆಕ್ಕದಲ್ಲಿ ಸುಣ್ಣ 297ಕ್ಕಿಂತಲೂ ಕಡಿಮೆ ಸಾಕು. ಪಿಯುಸಿಗೆ ಪುಸ್ತಕದ ಸಮೀಕರಣವೇ ಇರಲಿ.

ಬೆರೆಸುವ ಕ್ರಮವೂ ಇದೇ ಲೆಕ್ಕಕ್ಕೆ ಸೇರಿದ್ದು. 50 ಲೀಟರಿನಲ್ಲಿ ಮೈಲುತುತ್ತ, ಇನ್ನೊಂದು 50 ಲೀಟರಿನಲ್ಲಿ ಸುಣ್ಣ ಕದಡಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನಕ್ಕೆ ಸುರಿಯುತ್ತಾ ಕಲಕಬೇಕು. ಹೀಗೆ ಸುರಿದರೆ ಸುರಿಯುವ ಪ್ರತಿ ಕ್ಷಣವೂ ಡ್ರಮ್ಮಿನಲ್ಲಿ ಸುಣ್ಣವೇ ಹೆಚ್ಚಿರುತ್ತದೆ. ತಿರುಗಿಸಿ ಸುರಿದರೆ ಮೊದಲಿನ ಹೊತ್ತೆಲ್ಲ ತಾಮ್ರ ಹೆಚ್ಚು, ಗಸಿ ದಪ್ಪ ಕಟ್ಟಿ ಬೇಗ ತಳ ಸೇರುತ್ತದೆ. ಸುಟ್ಟ ಸುಣ್ಣ ತಂದು ಮನೆಯಲ್ಲೇ ನೀರು ಹಾಕಿ ಅರಳಿಸುವುದಾದರೆ ಪೂರ್ತಿ ಆರಿದ ಮೇಲೆ ಬೆರೆಸಿ. ಅರಳುವಾಗ ಕುದಿಯುವಷ್ಟು ಬಿಸಿಯಾಗುತ್ತದೆ, ಮಕ್ಕಳನ್ನು ದೂರ ಇಡಿ, ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ.

ಕೊನೆಗೆ ಪರೀಕ್ಷೆ. ಉಜ್ಜಿ ಹೊಳೆಯುವಂತೆ ಮಾಡಿದ ಕತ್ತಿಯನ್ನು ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಬಣ್ಣ ಹತ್ತಿದರೆ ಬಿಡಿ ತಾಮ್ರ ಇನ್ನೂ ಇದೆ, ಸುಣ್ಣದ ನೀರು ಸೇರಿಸಿ ಮತ್ತೆ ನೋಡಿ. ಹತ್ತನೇ ತರಗತಿಯಲ್ಲಿ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟಿನಲ್ಲಿ ಇಡುವ ಪ್ರಯೋಗ ಇದೆಯಲ್ಲ, ಅದೇ ಇದು. ಕಬ್ಬಿಣ ಕರಗಿ ತಾಮ್ರ ಹೊರಗೆ ಕೂರುತ್ತದೆ. ಕಬ್ಬಿಣದ ಬಕೆಟ್, ತಗಡಿನ ಡಬ್ಬ ಬೇಡ ಅನ್ನುವುದೂ ಇದಕ್ಕೇ. ಪ್ಲಾಸ್ಟಿಕ್ ಡ್ರಮ್ ಒಳ್ಳೆಯದು. ಮಾಡಿದ ದ್ರಾವಣವನ್ನು ಅದೇ ದಿನ ಹೊಡೆದು ಮುಗಿಸಿ.

ನಿಮ್ಮ ಮಗಳಿಗೆ ನನ್ನದೊಂದು ಪ್ರಶ್ನೆ. 200 ಲೀಟರ್ ಡ್ರಮ್ಮಿಗೆ ಅರಳಿದ ಸುಣ್ಣದ ಬದಲು ಸುಟ್ಟ ಸುಣ್ಣ ಬಳಸಿದರೆ ಕನಿಷ್ಠ ಎಷ್ಟು ಗ್ರಾಂ ಬೇಕು? ಸುಟ್ಟ ಸುಣ್ಣದ ಒಂದು ಮೋಲ್ 56 ಗ್ರಾಂ. ಉತ್ತರವನ್ನು ದಾರಿ ಸಮೇತ ಇಲ್ಲೇ ಹಾಕಲಿ, ನೋಡುತ್ತೇನೆ.