ಐಡಲ್‌ನಲ್ಲಿ ಗುಡುಗು, ಹೊರಡುವಾಗ ಮಂಕು

ಪ್ರಶ್ನೆ: ನನ್ನ ಹಳೆಯ ಷೆವರ್ಲೆ 350 ಎಂಜಿನ್‌ಗೆ ಹೊಸ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಹಾಕಿಸಿದ್ದೇನೆ. 0.050 ಇಂಚು ಲಿಫ್ಟ್‌ನಲ್ಲಿ ಅಳೆದರೆ ಡ್ಯುರೇಷನ್, ಅಂದರೆ ವಾಲ್ವ್ ತೆರೆದಿರುವ ಅವಧಿ, 236 ಡಿಗ್ರಿ. ಕಂಪ್ರೆಷನ್ ಅನುಪಾತ 8.5, ಟರ್ಬೊ 350 ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಎಂಜಿನ್ನಿಗೂ ಅದಕ್ಕೂ ನಡುವಿನ ಟಾರ್ಕ್ ಕನ್ವರ್ಟರ್ ಗಾಡಿಯ ಜೊತೆ ಬಂದದ್ದೇ, ಹಿಂದಿನ ಆಕ್ಸಲ್‌ನ ಗೇರ್ ಅನುಪಾತ 2.73, ಟೈರ್ ಎತ್ತರ 27 ಇಂಚು. ಡ್ರೈವ್‌ಗೆ ಹಾಕಿದ ಕೂಡಲೇ ಎಂಜಿನ್ ನಿಂತುಹೋಗುತ್ತದೆ. ಹೇಗೋ ಹೊರಟರೂ ಮೊದಲಿಗಿಂತ ನಿಧಾನ. ದಿನಾ ಕೆಲಸಕ್ಕೆ ಹೋಗುವುದು ಇದರಲ್ಲೇ. ದೊಡ್ಡ ಕಾರ್ಬ್ಯುರೇಟರ್ ಹಾಕಿಸಲೇ?

ಉತ್ತರ: ಬೇಡ. ಕಾರ್ಬ್ಯುರೇಟರ್ ಪಾಪ, ಅದರದೇನೂ ತಪ್ಪಿಲ್ಲ. ನಿಮ್ಮ ಗಾಡಿಯಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿದೆ.

ಇಷ್ಟು ಡ್ಯುರೇಷನ್ ಇರುವ ಕ್ಯಾಮ್‌ನಲ್ಲಿ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಆರ್‌ಪಿಎಂ ಕಡಿಮೆ ಇದ್ದಾಗ, ಮೇಲೇರುವ ಪಿಸ್ಟನ್ ಒಳಗೆ ಬಂದ ಮಿಶ್ರಣದಲ್ಲಿ ಒಂದಷ್ಟನ್ನು ಮ್ಯಾನಿಫೋಲ್ಡ್‌ಗೇ ವಾಪಸ್ ತಳ್ಳಿಬಿಡುತ್ತದೆ. ಮೊದಲೇ 8.5 ಕಂಪ್ರೆಷನ್, ಇನ್ನು ಉಳಿಯುವುದೆಷ್ಟು? ಎಂಜಿನ್‌ಗೆ ಜೀವ ಬರುವುದು 2500ರ ಆಸುಪಾಸಿನಲ್ಲಿ. ನಿಮ್ಮ ಕನ್ವರ್ಟರೋ 1800ರೊಳಗೇ ಬಿಗಿ ಹಿಡಿಯುವಂಥದ್ದು. ಹಾಗಾಗಿ ಡ್ರೈವ್‌ಗೆ ಹಾಕಿದಾಗ ಅದು ಎಂಜಿನ್ನನ್ನೇ ಅದುಮಿ ನಿಲ್ಲಿಸುತ್ತದೆ. 2.73 ಆಕ್ಸಲ್‌ನಲ್ಲಿ, ಟಾಪ್ ಗೇರ್‌ನಲ್ಲಿ 100 ಕಿ.ಮೀ. ವೇಗಕ್ಕೆ ಸುಮಾರು 2100 ಆರ್‌ಪಿಎಂ. ಅಂದರೆ ಹೆದ್ದಾರಿಯಲ್ಲೂ ನಿಮ್ಮ ಕ್ಯಾಮ್‌ಗೆ ನಿದ್ದೆಯೇ.

ಕ್ಯಾಮ್ ಉಳಿಸಿಕೊಳ್ಳಲೇಬೇಕೆಂದರೆ 2800ರಿಂದ 3000 ಸ್ಟಾಲ್‌ನ (ಬಿಗಿ ಹಿಡಿಯುವ ಮೊದಲು ಎಂಜಿನ್ನನ್ನು ಅಷ್ಟು ಆರ್‌ಪಿಎಂವರೆಗೆ ಏರಲು ಬಿಡುವ) ಕನ್ವರ್ಟರ್, 3.73 ಆಕ್ಸಲ್, ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್ ತಣ್ಣಗಿಡಲು ಬೇರೆ ಕೂಲರ್, ಮೂರೂ ಬೇಕು. ಕನ್ವರ್ಟರ್ ಒಂದನ್ನೇ ಬದಲಿಸಿದರೆ ಅದು 2100ರಲ್ಲಿ ಜಾರುತ್ತಾ ಆಯಿಲ್ ಕಾಯಿಸುತ್ತಾ ಕೂರುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಕಂಪ್ರೆಷನ್ 8.5ರಲ್ಲೇ ಇರುತ್ತದೆ ನೋಡಿ. ಟರ್ಬೊ 350ರಲ್ಲಿ ಹೆದ್ದಾರಿಯಲ್ಲಿ ಆರ್‌ಪಿಎಂ ಇಳಿಸುವ ಓವರ್‌ಡ್ರೈವ್ ಗೇರ್ ಕೂಡ ಇಲ್ಲ, 100ರ ವೇಗಕ್ಕೆ 2900 ತಿರುಗುವ ಎಂಜಿನ್ ಜೊತೆ ದಿನಾ ಬದುಕಬೇಕು.

ನಾನಾದರೆ ಕ್ಯಾಮನ್ನೇ ಬಿಚ್ಚಿಸುತ್ತೇನೆ. ಡ್ಯುರೇಷನ್ ಇನ್‌ಟೇಕ್‌ಗೆ 214, ಎಕ್ಸಾಸ್ಟ್‌ಗೆ 224, ಲೋಬ್ ಸೆಪರೇಷನ್ (ಆ ಎರಡರ ಲೋಬ್‌ಗಳ ನಡುವಿನ ಕೋನ) 112 ಡಿಗ್ರಿ ಇರುವ ಕ್ಯಾಮ್ ಸಾಕು. ಆಕ್ಸಲ್ 3.42 ಮಾಡಿಸಿ, ಹೊರಡುವಾಗ ಗೊತ್ತಾಗುವ ವ್ಯತ್ಯಾಸ ಅಲ್ಲೇ ಇರುವುದು. ಕನ್ವರ್ಟರ್ ಈಗಿನದೇ ನಡೆಯುತ್ತದೆ, ಹಣವಿದ್ದರೆ 2000ದಿಂದ 2200ರದು. ಡಬ್ಬದ ಮೇಲಿನ ಸ್ಟಾಲ್ ಅಂಕಿಯನ್ನು ಪೂರ್ತಿ ನಂಬಬೇಡಿ: ಟಾರ್ಕ್ ಹೆಚ್ಚಿರುವ ಎಂಜಿನ್ ಹಿಂದೆ ಅದೇ ಕನ್ವರ್ಟರ್ ಹೆಚ್ಚು ಆರ್‌ಪಿಎಂಗೆ ಸ್ಟಾಲ್ ಆಗುತ್ತದೆ. ಗಾಡಿಯ ತೂಕ, ಆಕ್ಸಲ್, ಟೈರ್ ಎಲ್ಲ ಹೇಳಿಯೇ ಕೊಳ್ಳಿ. ಆ ಗುಡುಗುಡು ಐಡಲ್ ಹೋಗಿಬಿಡುತ್ತದಲ್ಲ ಎಂದು ಬೇಜಾರಾಗಬಹುದು. ಆಗಲಿ.

ಅಷ್ಟರವರೆಗೆ ಮ್ಯಾನಿಫೋಲ್ಡ್‌ಗೆ ಒಂದು ವ್ಯಾಕ್ಯೂಮ್ ಗೇಜ್ ಸಿಕ್ಕಿಸಿ ನೋಡಿ. ಐಡಲ್‌ನಲ್ಲಿ ಪಾದರಸದ 10 ಇಂಚಿನ ಹತ್ತಿರ ಇದ್ದರೆ ಬ್ರೇಕ್ ಬೂಸ್ಟರ್‌ಗೆ ಅದು ಸಾಲದು, ಪೆಡಲ್ ಗಟ್ಟಿಯಾಗುತ್ತದೆ. ಅಂಥ ಗಾಡಿಯನ್ನು ಟ್ರಾಫಿಕ್‌ಗೆ ಇಳಿಸಬೇಡಿ.

ಮತ್ತೆ, ನಿಮ್ಮದು ಫ್ಲಾಟ್ ಟ್ಯಾಪೆಟ್ (ಕ್ಯಾಮ್ ಮೇಲೆ ರೋಲರ್ ಇಲ್ಲದೆ ನೇರವಾಗಿ ಉಜ್ಜುವ ಟ್ಯಾಪೆಟ್) ಎಂಜಿನ್ ಆಗಿದ್ದರೆ ಹೊಸ ಕ್ಯಾಮ್ ಜೊತೆ ಟ್ಯಾಪೆಟ್‌ಗಳೂ ಹೊಸವೇ ಆಗಬೇಕು. ಮೊದಲ ಸಲ ಸ್ಟಾರ್ಟ್ ಆದ ಕೂಡಲೇ ಐಡಲ್‌ಗೆ ಬಿಡದೆ, 20 ನಿಮಿಷ 2000ಕ್ಕಿಂತ ಮೇಲೆ ಓಡಿಸಿ.